ಮಾಸ್ತರರ ಮುಗಿಲು

‘ಟಿಪ್ಪುಸಾಬ, ಖರೇ ಹೇಳು. ನೀಲಿ ಬಣ್ಣದಾಗ ಏನ್ ಬೆರಸೀದಿ?’

ನರಗುಂದದ ಪೇಟೆಯಲ್ಲಿ ಪಾಟಿ, ಶಾಯಿ, ಬಣ್ಣ ಮಾರುವ ಟಿಪ್ಪುಸಾಬ ಕನ್ನಡಕ ಮೇಲೇರಿಸಿದ. ‘ಬೆರಸಾಕ ಅದೇನ ಹಾಲೇನ್ರಿ ಮಾಸ್ತರ? ಮುಂಬೈದಿಂದ ಮುಚ್ಚಿದ ಡಬ್ಬಿ ಬರತೈತಿ, ಮುಚ್ಚಿದ್ದನ್ನ ಕೊಡತೀನಿ. ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ!’

ಬೇರೆ ದಿನವಾಗಿದ್ದರೆ ಮಹಾಲಿಂಗಪ್ಪ ಮಾಸ್ತರರು ಈ ಮಾತಿಗೆ ಕೊಡೆ ಎತ್ತುತ್ತಿದ್ದರು. ಈಗ ಅವರ ಜೀವವೇ ಬಾಯಿಗೆ ಬಂದಿತ್ತು. ಹೈಸ್ಕೂಲಿನಲ್ಲಿ ಹನ್ನೆರಡು ವರ್ಷದಿಂದ ಡ್ರಾಯಿಂಗ್ ಕಲಿಸುತ್ತ ಬಂದರೂ ನೌಕರಿ ಇನ್ನೂ ಹಂಗಾಮಿ. ಡ್ರಾಯಿಂಗ್ ಬಂದ್ ಮಾಡಿ ಆ ತಾಸಿಗೆ ಹುಡುಗರ ಕೈಗೆ ತಕಲಿ ಕೊಟ್ಟು ನೂಲು ತೆಗೆಸೋಣವೆಂದು ಕಮಿಟಿಯವರು ಮಾತಾಡತೊಡಗಿದ್ದರು. ಅಷ್ಟರಲ್ಲಿ ಪುಣ್ಯಕ್ಕೆ ಮಾಸ್ತರರ ‘ಗುಡ್ಡದ ಸಂಜೆ’ ಎಂಬ ಜಲವರ್ಣದ ಚಿತ್ರಕ್ಕೆ ಧಾರವಾಡದಲ್ಲಿ ಬಹುಮಾನ ಬಂತು. ಅದನ್ನು ನೋಡಿದ ಸಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು ಪತ್ರ ಬರೆದರು: ಈ ಮುಗಿಲನ್ನು ನನ್ನ ಕಣ್ಣೆದುರು ಬರೆದು ತೋರಿಸಿದರೆ ನೌಕರಿ ಕಾಯಂ. ಸಾಹೇಬರು ಬರುವುದು ಸೋಮವಾರ.

ಆ ಮುಗಿಲೇ ಈಗ ಕೈಕೊಟ್ಟಿತ್ತು. ಮೊದಲೆಲ್ಲ ಬಣ್ಣ ಆರುತ್ತಿದ್ದಂತೆ ನೀಲಿಯ ತುಂಬ ಸಣ್ಣ ಸಣ್ಣ ಕಣ ಏಳುತ್ತಿದ್ದವು. ಬೇಸಿಗೆಯ ಸಂಜೆ ಎರೆಹೊಲಗಳ ಮೇಲೆ ಧೂಳು ನಿಂತ ಹಾಗೇ ಕಾಣುತ್ತಿತ್ತು. ಈಗ ಇಪ್ಪತ್ತು ದಿನದಿಂದ ಏನು ಬರೆದರೂ ಮುಗಿಲು ಗೋಡೆಗೆ ಸುಣ್ಣ ಹೊಡೆದಂತೆ ಸಪಾಟು.

ಮಾಸ್ತರರು ಕಾಗದ ಬದಲಿಸಿದರು. ಕುಂಚ ಬದಲಿಸಿದರು. ಕುಂಚಕ್ಕೂ ತಮಗೂ ದೃಷ್ಟಿ ತೆಗೆಸಿಕೊಂಡರು. ಎಲ್ಲಕ್ಕೂ ಮಿಗಿಲಾಗಿ ನೀರಿನ ವಿಷಯದಲ್ಲಿ ಮಡಿ ಇಮ್ಮಡಿಯಾಯಿತು. ಅವರ ಹಿತ್ತಲ ಬಾವಿಯ ನೀರು ಶುದ್ಧ ಸವಳು. ಅದರಲ್ಲಿ ಹಾಕಿದ ಬೇಳೆ ಸಂಜೆಯಾದರೂ ಬೇಯದು. ಆ ನೀರು ಕುಂಚಕ್ಕೆ ತಾಗಿದರೆ ಕುಂಚವನ್ನೇ ಎಸೆಯುವ ಜಾತಿ ಮಾಸ್ತರರದು. ಚಿತ್ರಕ್ಕೆ ಕೆರೆಯ ಸಿಹಿನೀರೇ ಬೇಕು. ಹನ್ನೆರಡು ವರ್ಷ ಅದನ್ನು ಹೊತ್ತು ತಂದವಳು ಹೆಂಡತಿ ಕಳಕವ್ವ. ತಾಯಿಗೆ ಹುಷಾರಿಲ್ಲವೆಂದು ಅವಳು ತವರೂರು ಸವಡಿಗೆ ಹೋದ ಮೇಲೆ ಮಾಸ್ತರರೇ ಹುಣಸೆಹಣ್ಣು ಹಚ್ಚಿ ಕೊಡದ ಒಳಗಿನ ಬಿಳಿ ಪದರ ತಿಕ್ಕಿ ತೆಗೆದು, ದಿನಾ ಕೆರೆಗೆ ನಡೆದು, ಸೋಸಿ ತರುತ್ತಿದ್ದರು. ಹೋಗಿ ಬರಲು ಒಂದು ತಾಸು ಹಿಡಿಯುತ್ತಿತ್ತು. ಸೊಂಟ ಹಿಡಿಯಿತು, ಮುಗಿಲು ಬರಲಿಲ್ಲ.

ಭಾನುವಾರ ಸಂಜೆ ಕಳಕವ್ವ ಬಂದಿಳಿದಳು. ಗಂಟು ಕೆಳಗಿಡುವ ಮೊದಲೇ ಮಾಸ್ತರರು ಅಳುವುದೊಂದು ಬಾಕಿ.

‘ನೌಕರಿ ಹೋತು. ನಾಳಿಂದ ನಾನೂ ತಕಲಿ ತಿರುವೂದಽ.’

ಕಳಕವ್ವ ಎಲ್ಲವನ್ನೂ ಕೇಳಿದಳು. ಕೊಡದೊಳಗೆ ಇಣುಕಿದಳು. ‘ನೀವಽ ಕೆರಿಗೆ ಹೋಗಿ ನೀರ ತಂದ್ರ್ಯಾ?’

‘ದಿನಾ! ಒಂದ ದಿನಾನೂ ತಪ್ಪಿಸಿಲ್ಲ.’

‘ಹಂಗಾರ ತಪ್ಪು ಅಲ್ಲೇ ಆಗೇತಿ. ಬಿಡ್ರಿ, ಮುಂಜಾನಿ ನಾ ತುಂಬಿ ಕೊಡತೀನಿ.’

ಮಾಸ್ತರರಿಗೆ ಥಟ್ಟನೆ ಹೊಳೆಯಿತು. ಕೈಗುಣ! ಬಣ್ಣವಲ್ಲ, ಕುಂಚವಲ್ಲ, ಎಲ್ಲ ಈ ಮಹಾತಾಯಿಯ ಕೈಗುಣ. ಇದು ಹನ್ನೆರಡು ವರ್ಷ ತಮ್ಮ ತಲೆಗೆ ಹೋಗಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಸೋಮವಾರ ಬೆಳಿಗ್ಗೆ ಅವರು ವಿಭೂತಿ ಹಚ್ಚಿಕೊಂಡು ರುಮಾಲು ಸುತ್ತಿ ಮುಗಿಸುವಷ್ಟರಲ್ಲಿ ತುಂಬಿದ ಕೊಡ ಕಟ್ಟೆಯ ಮೇಲೆ ಕೂತಿತ್ತು.

‘ಇಷ್ಟ ಲಗೂ?’

‘ನಂದು ನಿಮ್ಮಂಗ ನಿಂತು ನಿಂತು ಗುಡ್ಡ ನೋಡಕೋತ ಹೋಗೂ ನಡಿಗಿ ಅಲ್ಲ.’

ಸಾಲೆಯ ಸಿಪಾಯಿ ಹೇಮಪ್ಪ, ಮಂಡಿನೋವಿನ ಮುದುಕ, ಕುಂಟುತ್ತ ಕೊಡವನ್ನು ಸಾಲೆಗೆ ಹೊತ್ತೊಯ್ದ. ಸಾಹೇಬರು ಬಂದರು. ಕಮಿಟಿಯವರು ತಕಲಿಯ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತರು. ಮಾಸ್ತರರು ಮನಸ್ಸಿನಲ್ಲೇ ಹೆಂಡತಿಗೆ ನಮಸ್ಕರಿಸಿ ಕುಂಚ ಅದ್ದಿದರು, ಕಾಗದದ ತುಂಬ ನೀಲಿ ಎಳೆದರು, ಕಣ್ಣು ಮುಚ್ಚಿ ಕೂತರು. ಬಣ್ಣ ಆರತೊಡಗಿತು.

‘ಭಲೇ!’ ಎಂದರು ಸಾಹೇಬರು.

ಮುಗಿಲಿನ ತುಂಬ ಧೂಳು ಎದ್ದಿತ್ತು. ಕಮಿಟಿಯವರು ತಕಲಿಯ ಡಬ್ಬಿಯನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದರು.

‘ಇದರ ಗುಟ್ಟೇನು ಮಾಸ್ತರೇ?’

ಹೆಂಡತಿಯ ಕೈಗುಣವೆಂದು ಹತ್ತು ಜನರ ಮುಂದೆ ಹೇಳಲು ಗಂಡಸಿನ ನಾಲಿಗೆ ಹೊರಳಬೇಕಲ್ಲ. ‘ಕೆರಿ ಸಿಹಿನೀರು ಸಾಹೇಬ್ರ!’ ಎಂದರು ಎದೆ ಉಬ್ಬಿಸಿ. ‘ಒಂದ ಹನಿ ಸವಳನೀರು ಬಿದ್ರ ಚಿತ್ರದ ಕಥಿ ಮುಗದಂಗ.’ ಮುಂದೆ ಅರ್ಧ ತಾಸು ಸಿಹಿನೀರಿನ ಮಹಿಮೆ ನಡೆಯಿತು. ಸಾಹೇಬರು ತಲೆದೂಗಿ ಎರಡು ಹುಕುಂ ಬರೆಸಿದರು: ಮಾಸ್ತರರ ನೌಕರಿ ಕಾಯಂ; ಮತ್ತು ಇನ್ನು ಮುಂದೆ ಸಿಪಾಯಿ ಹೇಮಪ್ಪನೇ ದಿನಾ ಬೆಳಿಗ್ಗೆ ಕೆರೆಯಿಂದ ಡ್ರಾಯಿಂಗ್ ಕೋಣೆಗೆ ಒಂದು ಕೊಡ ನೀರು ತರತಕ್ಕದ್ದು.

ಮಾಸ್ತರರು ಮನೆಗೆ ಓಡಿ ಬಂದರು. ‘ಇನ್ನ ನಿನಗ ಕೊಡ ಹೊರೂದು ತಪ್ಪತು ನೋಡು! ಹನ್ನೆರಡು ವರ್ಷ ಬಿಸಲಾಗ ಅಷ್ಟ ದೂರ… ಪಾಪ, ನಾನೂ ಒಮ್ಮೆರೆ ಕೇಳಲಿಲ್ಲ.’ ಕಳಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಮಾಸ್ತರರಿಗೆ ಇನ್ನಷ್ಟು ಮರುಕ ಬಂತು.

ಮರುದಿನ ನಸುಕಿನಲ್ಲಿ ಹೇಮಪ್ಪ ಖಾಲಿ ಕೊಡ ಹಿಡಿದು ಕುಂಟುತ್ತ ಕೆರೆಯ ದಾರಿ ಹಿಡಿದಿದ್ದ. ಹಿತ್ತಲ ಗೋಡೆಯ ಮೇಲಿಂದ ಕಳಕವ್ವ ಮೆಲ್ಲಗೆ ಕರೆದಳು.

‘ಹೇಮಣ್ಣ, ಈ ಮಂಡಿ ಇಟಗೊಂಡು ಕೆರಿಮಟಾ ಯಾಕ ಹೋಗ್ತೀರಿ? ಹನ್ನೆರಡು ವರ್ಷದಾಗ ನಾನಽ ಒಂದ ದಿನ ಹೋಗಿಲ್ಲ. ಬರ್ರಿ, ಈ ಹಿತ್ತಲ ಬಾವ್ಯಾಗ ಸೇದಿಕೊಳ್ರಿ, ಮಾಸ್ತರಿಗೆ ಮಾತ್ರ ಹೇಳಬ್ಯಾಡ್ರಿ.’