ಪ್ರತಿ ಸೋಮವಾರ ಬಂದವಳು

ಜೈಲಿಗೆ ಹೋಗಿ ಬಂದವನು ದೇಶದ ಅತಿ ದೊಡ್ಡ ಕುರ್ಚಿಗೆ ಸ್ಪರ್ಧಿಸಬಹುದೇ ಎಂಬ ತಕರಾರು ಬೆಳಗ್ಗೆಯೇ ಬಿದ್ದುಹೋಗಿತ್ತು. ಕಾನೂನು ಅಡ್ಡ ಬರುವುದಿಲ್ಲ ಎಂದು ಚುನಾವಣಾ ಅಧಿಕಾರಿ ಹೇಳಿದ್ದರು. ಹೊರಗೆ ಜನ ಪಟಾಕಿ ಹೊಡೆಯುತ್ತಿದ್ದರು. ಅವನ ಹೆಂಡತಿ ಮಾತ್ರ ಆ ಸಂಭ್ರಮಕ್ಕೆ ಹೋಗಿರಲಿಲ್ಲ. ಎದುರಾಳಿಗಳು ಸಾಕ್ಷಿಗೆಂದು ಕೊಟ್ಟಿದ್ದ ಜೈಲಿನ ಭೇಟಿ ಪುಸ್ತಕದ ನಕಲು ಅವಳ ಕೈಯಲ್ಲಿತ್ತು. ಜನರ ಬಾಯಿಗೆ ಅಂಜಿ ಅವಳು ಅಲ್ಲಿಗೆ ಹೋಗಿದ್ದು ಎರಡೇ ಸಲ. ಆದರೆ ಆರು ವರ್ಷ, ಪ್ರತಿ ಸೋಮವಾರ, ಇನ್ನೊಂದು ಹೆಸರಿತ್ತು.

"ಯಾರ್ರೀ ಈ ವನಜಾಕ್ಷಿ?"

ಅವನು ಎದ್ದು ಕಿಟಕಿ ಮುಚ್ಚಿದ.

"ಹೇಳದಿದ್ರೆ ನಾಳೆ ವೇದಿಕೆ ಮೇಲೆ ನಿಮ್ಮ ಪಕ್ಕ ಅವಳೇ ನಿಂತ್ಕೊಳ್ಳಲಿ. ವಾರವಾರ ಬಂದು ಏನು ಮಾತಾಡ್ತಿದ್ಲು?"

"ಏನೂ ಇಲ್ಲ. ನನ್ನ ಮುಖ ನೋಡ್ಕೊಂಡು ಕೂತಿರೋರು."

"ಕೂತಿರೋರಂತೆ. ಮರ್ಯಾದೆ ಬೇರೆ. ನಿಮಗೇನಾಗ್ಬೇಕು ಅವಳು?"

ಮಡಚಿದ್ದ ಹಾಳೆಯನ್ನು ಅವನು ಪೂರ್ತಿ ಬಿಡಿಸಿ, ಹೆಸರಿನ ಪಕ್ಕದಲ್ಲಿದ್ದ 'ಕೈದಿಯೊಂದಿಗೆ ಸಂಬಂಧ' ಎಂಬ ಕಾಲಂ ಮೇಲೆ ಬೆರಳಿಟ್ಟ.

ಅಲ್ಲಿ ಮೇಲಿನಿಂದ ಕೆಳಗಿನವರೆಗೆ, ಪ್ರತಿ ಸಾಲಿನಲ್ಲೂ, ಒಂದೇ ಕೈಬರಹದಲ್ಲಿ ಬರೆದಿತ್ತು: 'ಇವನು ಕೊಂದ ಹುಡುಗನ ತಾಯಿ.'