ಸಾರಿನಲ್ಲಿ ಬೆರೆಸಿದ್ದು

ಊಟ ಬಲ್ಲವಳಿಗೆ ಜಗಳವಿಲ್ಲದಿದ್ದರೆ ಅದೇ ರೋಗ! ಗಾದೆಯನ್ನು ತಿರುಚಿದ್ದೇನೆ, ಕತೆ ಮಾತ್ರ ನಿಜ.

“ಇನ್ನೂ ಸ್ವಲ್ಪ ಹಾಕು ಮಾರಾಯ,” ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಂತ ಉಡುಪಿಯ ಭಾವ ಪಿಸುಗುಟ್ಟಿದರು.

“ಅಕ್ಕನಿಗೆ ಗೊತ್ತಾದ್ರೆ?” ಎಂದೆ, ಸಾರು ಕಲಕುತ್ತಾ.

“ನಿನ್ನೆಯೂ ಗೊತ್ತಾಗ್ಲಿಲ್ಲ. ಮೊನ್ನೆಯೂ ಇಲ್ಲ.” ಅವರು ಅಕ್ಕನ ಕೋಣೆಯತ್ತ ಇಣುಕಿದರು.

ಕೀಮೊ ಶುರುವಾದ ಮೇಲೆ ಅಕ್ಕನ ನಾಲಗೆ ಸತ್ತಿತ್ತು. ಲೋಹದ ಕಹಿ ತಾಗದಿರಲೆಂದು ಸ್ಟೀಲ್ ಚಮಚ ಬಿಟ್ಟು ಮರದ್ದು ಕೊಟ್ಟೆವು, ಗಂಟೆಗೊಮ್ಮೆ ತುತ್ತು ತುತ್ತಾಗಿ ತಿನ್ನಿಸಿದೆವು. ಕೊಟ್ಟದ್ದನ್ನು ಮಾತಿಲ್ಲದೆ ನುಂಗುತ್ತಿದ್ದವಳು ಈಗ ಅದನ್ನೂ ಬಿಡುತ್ತಿದ್ದಳು. “ತೂಕ ಇನ್ನೂ ಇಳಿದರೆ ಮುಂದಿನ ಕೀಮೊ ಕೊಡೋಕಾಗಲ್ಲ,” ಎಂದಿದ್ದರು ಡಾಕ್ಟರು.

ನಾನು ಲೋಟ ಒಯ್ದು ಡಾಕ್ಟರ ದನಿಯಲ್ಲೇ, “ಒಂದೇ ಗುಟುಕು ತಾಯೀ,” ಎಂದೆ. ಅಕ್ಕ ನಗಲಿಲ್ಲ. ಕುಡಿದಳು. ಮುಖ ಕಿವುಚಿದಳು, ಲೋಟ ಕೈಯಿಂದ ಜಾರಿತು.

ಭಾವ ಓಡಿ ಬಂದರು.

“ಅಯ್ಯೋ ಪಾಪಿಗಳಾ, ಸಾರಿಗೆ ಬೆಲ್ಲ ಹಾಕಿದ್ದೀರಾ! ನಮ್ಮ ಕೋಲಾರದ ಸಾರಿಗೆ! ಹಾಕ್ಬೇಡಿ ಅಂತ ಮದುವೆ ದಿನವೇ ಹೇಳಿರಲಿಲ್ವೇನ್ರೀ?” ಅಕ್ಕ ರೇಗಿದಳು.

ಭಾವ ಅಳುತ್ತಲೇ ನಕ್ಕರು. ಅಕ್ಕ ಥಟ್ಟನೆ ತನ್ನ ನಾಲಗೆಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.