ಬೀಗದ ಕೈ ಇಲ್ಲದ ಮನೆಗಳು

ಚಿಕ್ಕವಳಿದ್ದಾಗ ನೆಗಡಿಯಾದರೆ ಅಮ್ಮ ಎದೆಗೆ ತಿಕ್ಕುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ, ಈ ಬೆಟ್ಟದ ಊರಿಗೆ ಬಂದಿಳಿದ ದಿನವೇ ಮೂಗಿಗೆ ಬಡಿದಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸದಿಂದ ನಿವೃತ್ತಳಾದ ಮೇಲೆ ಇಲ್ಲೊಂದು ಬಾಡಿಗೆ ಕೋಣೆ ಹಿಡಿದೆ. ಸುತ್ತಲ ಹಳ್ಳಿಗಳನ್ನೆಲ್ಲ ನೋಡುವ ಆಸೆ, ಜೊತೆಗೆ ಬರುವವರು ಯಾರೂ ಇಲ್ಲ. ಅದಕ್ಕೇ ಬ್ರೋಕರ್ ಶಿವಮಲ್ಲುವಿಗೆ ಮನೆ ಕೊಳ್ಳಬೇಕೆಂದು ಸುಳ್ಳು ಹೇಳಿದೆ.

ಭಾನುವಾರಕ್ಕೊಂದು ಊರು, ಅವನ ಹಳೇ ಜೀಪಿನಲ್ಲಿ. ಒಂದು ಕಡೆ ಮೆಟ್ಟಿಲು ಜಾಸ್ತಿ ಎಂದೆ, ಇನ್ನೊಂದು ಕಡೆ ಮಂಜು ಜಾಸ್ತಿ ಎಂದೆ. ಈಚೆಗೆ ಅವನು ಬೀಗದ ಕೈಯನ್ನೇ ಮರೆತು ಬರುತ್ತಿದ್ದ. ಮನೆಗಳನ್ನು ಹೊರಗಿನಿಂದಲೇ ನೋಡಿ, ಅಕ್ಕಪಕ್ಕದವರ ಜೊತೆ ಹರಟೆ ಹೊಡೆದು ವಾಪಸಾಗುತ್ತಿದ್ದೆವು.

ಇವತ್ತು ಟೀ ತೋಟದ ನಡುವಿನ ಹಳ್ಳಿ. ಬೀಗ ಹಾಕಿದ ಒಂದು ಮನೆಯ ಮುಂದೆ ನಿಂತಿದ್ದೆವು.

“ಇದ್ರಲ್ಲೇನ್ ತಪ್ಪು ಕಂಡೀರಿ ಅಮ್ಮಾವ್ರೇ?”

“ಅಡುಗೆಮನೆ ಕಿಟಕಿ ಕಣಿವೆ ಕಡೆಗೇ ಇದೆ ಕಣಪ್ಪ. ನೋಡ್ತಾ ನಿಂತ್ರೆ ಒಲೆ ಮೇಲಿನ ಹಾಲು ಉಕ್ಕಿಹೋಗುತ್ತೆ.”

ಅವನು ಬಿದ್ದು ಬಿದ್ದು ನಕ್ಕ. ನನಗೆ ನಾಚಿಕೆಯಾಯಿತು. ನಿಜ ಹೇಳಿದರೆ ಈ ತಿರುಗಾಟ ಇವತ್ತಿಗೇ ಮುಗಿಯುತ್ತದೆ. ಹೇಳದಿದ್ದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ.

“ಶಿವಮಲ್ಲು, ಬೈಬೇಡಪ್ಪ. ನಾನು ಮನೆ ಕೊಳ್ಳೋಳೇ ಅಲ್ಲ. ಊರು ಸುತ್ತೋ ಆಸೆಗೆ ಸುಳ್ಳು ಹೇಳ್ದೆ.”

ಅವನು ಜೀಪಿನಿಂದ ಬಾಳೆಲೆಯಲ್ಲಿ ಕಟ್ಟಿದ ಎರಡು ಬುತ್ತಿ ತಂದ.

“ನಾನೂ ಬ್ರೋಕರ್ ಕೆಲ್ಸ ಬುಟ್ಟು ಎರಡು ತಿಂಗ್ಳಾಯ್ತು ಕಣವ್ವ,” ಎಂದು ಒಂದನ್ನು ನನ್ನ ಕೈಗಿತ್ತ.